ಬೋರ್ಡಿನಲ್ಲಿ ಕನ್ನಡ, ಬಿಲ್ಲಿನಲ್ಲಿ 'ವಾಪಸ್ ಇಲ್ಲ'

ಕನ್ನಡದ ಯುವಕ ಯುವತಿಯರೇ,

ಈ ಸಲದ ಬೈಗುಳ ದೆಹಲಿಗಲ್ಲ. ಹೊರಗಿನಿಂದ ಬಂದವರಿಗೂ ಅಲ್ಲ. ಈ ಸಲ ನಮಗೇ. ಅದರಲ್ಲೂ ಮೊದಲನೆಯದು ಈ ಸಂಪಾದಕೀಯ ಬರೆಯುತ್ತಿರುವ ನನಗೆ.

ನಾನು ಹಾವೇರಿಯಲ್ಲಿ ಪ್ರೆಸ್ ಇಟ್ಟುಕೊಂಡವನು. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಬಂದಾಗ ಟ್ರೆಡಲ್ ಮಷಿನ್ ಇತ್ತು. ಮೊಳೆ ಜೋಡಿಸುತ್ತಾ ಕೈ ಕಪ್ಪು ಮಾಡಿಕೊಂಡೆ. ಈಗ ಕಂಪ್ಯೂಟರು, ಆಫ್‌ಸೆಟ್ಟು. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಮೂರೂ ಊರಿನ ಅಂಗಡಿಗಳ ಬಿಲ್ ಬುಕ್ಕು, ಲಗ್ನಪತ್ರಿಕೆ, ಜಾತ್ರೆಯ ಪೋಸ್ಟರು, ನಮ್ಮ ಹೋರಾಟದ ಕರಪತ್ರ, ಎಲ್ಲ ನನ್ನ ಮಷಿನ್ನಿನಿಂದ ಹೊರಬಂದಿವೆ. ಬಿಲ್ ಬುಕ್ ಹಾಕಿಸಲು ಬರುವ ಅಂಗಡಿಯವರು ಹೆಸರು, ಫೋನು, ಜಿಎಸ್‌ಟಿ ನಂಬರು ಹೇಳಿ ಎದ್ದು ಹೋಗುತ್ತಾರೆ. ಕೆಳಗಿನ ಸಾಲನ್ನು ಯಾರೂ ಹೇಳಬೇಕಾಗಿಲ್ಲ. ಅದು ನಮ್ಮ ಕಂಪ್ಯೂಟರಿನಲ್ಲಿ ಖಾಯಂ ಕೂತಿರುತ್ತಿತ್ತು. 'ಒಮ್ಮೆ ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ.' ಅದರ ಕೆಳಗೆ ಇನ್ನೂ ಸಣ್ಣ ಅಕ್ಷರದಲ್ಲಿ ನನ್ನ ಪ್ರೆಸ್ಸಿನ ಹೆಸರು.

ಹೋದ ವರ್ಷ ಮಳೆಗಾಲದ ಒಂದು ಮಧ್ಯಾಹ್ನ ಒಬ್ಬ ಅಜ್ಜಿ ಒಳಗೆ ಬಂದಳು. ತಲೆಯ ಮೇಲೆ ಗೊಬ್ಬರದ ಚೀಲದ ಕೊಪ್ಪೆ, ಕೈಯಲ್ಲಿ ಔಷಧ ಹೊಡೆಯುವ ಪಂಪು. ಸೆರಗಿನ ಗಂಟು ಬಿಚ್ಚಿ ಒಂದು ಬಿಲ್ಲು ತೆಗೆದು ಟೇಬಲ್ಲಿನ ಮೇಲೆ ಇಟ್ಟಳು.

"ಇದನ್ನ ಛಾಪಿಸಿದಾಂವ ನೀನ ಏನಪಾ?"

"ಹೌದಬೇ ಯವ್ವಾ."

"ಮತ್ತ ವಾಪಸ್ ತಗೊಳ್ಳಬ್ಯಾಡ್ರಿ ಅಂತ ನೀ ಯಾಕ ಬರದಿ?"

ನನಗೆ ಮೊದಲು ಅರ್ಥವೇ ಆಗಲಿಲ್ಲ. ಪಂಪು ತಂದ ಮರುದಿನವೇ ಸೋರತೊಡಗಿದೆ. ಅಂಗಡಿಗೆ ಹೋಗಿದ್ದಾಳೆ. ಅಂಗಡಿಯ ಹುಡುಗ ಬಿಲ್ಲಿನ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟು, 'ಇಲ್ಲಿ ಬರದೈತಿ ನೋಡಬೇ, ರೂಲ್ಸ್ ಐತಿ' ಅಂದಿದ್ದಾನೆ. ಅಜ್ಜಿಗೆ ಓದು ಬರುವುದಿಲ್ಲ. ದಾರಿಯಲ್ಲಿ ಶಾಲೆಯ ಹುಡುಗಿಯೊಬ್ಬಳ ಕೈಲಿ ಓದಿಸಿದ್ದಾಳೆ. ಆ ಹುಡುಗಿ ಜಾಣೆ. ಪೂರ್ತಿ ಓದಿದ್ದಾಳೆ, ನನ್ನ ಪ್ರೆಸ್ಸಿನ ಹೆಸರನ್ನೂ ಸೇರಿಸಿ. ರೂಲ್ಸ್ ಮಾಡಿದವನು ಇವನೇ ಎಂದು ಅಜ್ಜಿ ನೇರ ನನ್ನ ಹತ್ತಿರ ಬಂದಿದ್ದಾಳೆ.

ನಗಬೇಡಿ. ಆಕೆ ಹೇಳಿದ್ದರಲ್ಲಿ ತಪ್ಪೇನಿತ್ತು? ಆ ಸಾಲನ್ನು ಯಾವ ಸರಕಾರವೂ ಬರೆದಿಲ್ಲ. ಅಂಗಡಿಯವನೂ ಬರೆದಿಲ್ಲ. ಬರೆದು ಇಟ್ಟುಕೊಂಡವನು ನಾನು.

ಅಂಗಡಿಯವರಿಗೆ ಫೋನ್ ಮಾಡಿದೆ, ನನ್ನ ಹಳೆಯ ಗಿರಾಕಿ. ಗೊಣಗಿದರು. "ಅಣ್ಣಾರ, ಕಂಪನಿ ಮಾಲು, ನಾವೇನ ಮಾಡೂಣು" ಅಂದರು. ಕೊನೆಗೆ ಕಳಿಸಿ ನೋಡೋಣ ಎಂದರು. ಬಿಚ್ಚಿ ನೋಡಿದರೆ ಒಳಗಿನ ವಾಷರ್ ಸೀಳಿತ್ತು. ಇನ್ನೊಂದು ಹಾಕಿದರು. ಹತ್ತು ರೂಪಾಯಿಯ ವಾಷರ್. ಅಷ್ಟಕ್ಕೆ ಎಪ್ಪತ್ತು ದಾಟಿದ ಹೆಂಗಸು ಮಳೆಯಲ್ಲಿ ಎರಡು ಸಲ ಬಸ್ಸಿನಲ್ಲಿ ಬಂದು ಹೋಗಿದ್ದಳು.

ಆ ಮೇಲೆ ನಾನು ಕುಳಿತು ಕಾನೂನು ಓದಿದೆ. ಇಪ್ಪತ್ತೈದು ವರ್ಷದಿಂದ ಆ ಸಾಲನ್ನು ಅಚ್ಚು ಹಾಕಿದವನು ಅದನ್ನು ಮೊದಲೇ ಓದಬೇಕಿತ್ತು. ನೀವೂ ಕೇಳಿ. ಗ್ರಾಹಕರ ಸಂರಕ್ಷಣೆಗೆ ನಮ್ಮ ದೇಶದಲ್ಲಿ 1986ರಿಂದ ಕಾಯ್ದೆ ಇದೆ. ಅದರ ಜಾಗದಲ್ಲಿ 2019ರ ಹೊಸ ಕಾಯ್ದೆ 2020ರ ಜುಲೈ 20ರಿಂದ ಜಾರಿಗೆ ಬಂತು. ಅದರ 2ನೇ ಕಲಮಿನ 47ನೇ ಉಪಕಲಮಿನಲ್ಲಿ ವ್ಯಾಪಾರದ ಮೋಸದ ಪದ್ಧತಿಗಳ ಪಟ್ಟಿ ಇದೆ. ಬಿಲ್ಲು ಕೊಡದೇ ಇರುವುದು ಅದರಲ್ಲಿ ಒಂದು. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಬಿಲ್ಲಿನಲ್ಲಿ ಅವಧಿಯೇ ಇಲ್ಲದಿದ್ದರೆ 30 ದಿನದೊಳಗೆ ವಾಪಸ್ ಪಡೆಯಲು ನಿರಾಕರಿಸುವುದು ಇನ್ನೊಂದು. ಅಂದರೆ ಅಜ್ಜಿಗೆ ತೋರಿಸಿದ 'ರೂಲ್ಸ್' ರೂಲ್ಸೇ ಅಲ್ಲ. ರೂಲ್ಸಿಗೆ ವಿರುದ್ಧ! ಅಚ್ಚಾಗಿದ್ದೆಲ್ಲ ಕಾನೂನು ಎಂದು ನಂಬುವ ಜನರನ್ನು ಹೆದರಿಸಲು ನಾವು ಕನ್ನಡ ಅಕ್ಷರಗಳನ್ನೇ ಬಳಸಿದ್ದೇವೆ.

ಇಲ್ಲಿಗೆ ನಮ್ಮ ಹೋರಾಟದ ಮಾತು ಬರುತ್ತದೆ. ನಾಮಫಲಕದ ಹೋರಾಟ ನಿಮಗೆ ನೆನಪಿದೆ. 2023ರ ಡಿಸೆಂಬರ್ 27ರಂದು ಬೆಂಗಳೂರಿನ ಬೀದಿಗಳಲ್ಲಿ ಇಂಗ್ಲಿಷ್ ಬೋರ್ಡುಗಳು ನೆಲಕ್ಕೆ ಬಿದ್ದವು. 2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿಯಾಗಿ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ, ಅದೂ ಮೇಲ್ಭಾಗದಲ್ಲಿ ಎಂದಾಯಿತು. ಆಗಬೇಕಾದದ್ದೇ ಆಯಿತು. ಆದರೆ ನಾನೊಂದು ಪ್ರಶ್ನೆ ಕೇಳುತ್ತೇನೆ. ಬೋರ್ಡಿನ ಕೆಳಗಿನಿಂದ ಒಳಗೆ ಹೋದ ಮೇಲೆ ಏನಿದೆ? ಬಾ ಎನ್ನುವವರಿದ್ದಾರೆಯೇ? ಕೇಳಿದ್ದಕ್ಕೆ ಉತ್ತರ ಕೊಡುವವರಿದ್ದಾರೆಯೇ? ಅಳತೆಗೋಲು ಹಿಡಿದು ಬೋರ್ಡಿನ ಶೇಕಡಾ 60 ಅಳೆಯಬಹುದು. ಒಳಗಿನದನ್ನು ಅಳೆಯುವವರು ಯಾರು?

ಕಹಿ ಮಾತೊಂದನ್ನು ಹೇಳುತ್ತೇನೆ, ಸಿಟ್ಟು ಮಾಡಿಕೊಳ್ಳಬೇಡಿ. ಹಾವೇರಿ, ರಾಣೇಬೆನ್ನೂರಿನ ಬಜಾರದಲ್ಲಿ ಅಜ್ಜನ ಕಾಲಕ್ಕೆ ರಾಜಸ್ಥಾನ, ಗುಜರಾತಿನಿಂದ ಬಂದ ವ್ಯಾಪಾರಿಗಳ ಅಂಗಡಿಗಳಿವೆ. ಅಲ್ಲಿ ಮೆಟ್ಟಿಲು ಹತ್ತುವ ಮೊದಲೇ "ಬರ್ರಿ ಅಕ್ಕಾರ, ಕುಂದರ್ರಿ, ಏನ್ ತೋರಸ್ಲಿ" ಎಂಬ ಮಾತು ಬರುತ್ತದೆ. ಅಪ್ಪಟ ನಮ್ಮ ಸೀಮೆಯ ಕನ್ನಡ. ನೂರು ಸೀರೆ ಬಿಚ್ಚಿಸಿ ಒಂದೂ ಒಯ್ಯದೆ ಎದ್ದರೂ "ಮತ್ತ ಬರ್ರಿ" ಎಂದೇ ಕಳಿಸುತ್ತಾರೆ. ಅದರ ಪಕ್ಕದಲ್ಲೇ ನಮ್ಮವನ ಅಂಗಡಿ. ಗಲ್ಲಾದ ಮೇಲೆ ರಾಜಕುಮಾರರ ಫೋಟೊ, ಗೋಡೆಗೆ ಕೆಂಪು ಹಳದಿ ಬಾವುಟ. ಮಾಲೀಕ ಮೊಬೈಲಿನಲ್ಲಿ ರೀಲ್ಸ್ ನೋಡುತ್ತಿದ್ದಾನೆ. 'ಅದು ಐತೇನ್ರಿ?' ಎಂದರೆ ತಲೆಯೆತ್ತದೆ 'ಇಲ್ಲ' ಎನ್ನುತ್ತಾನೆ. ಎಲ್ಲರೂ ಹೀಗೆ ಎಂದು ನಾನು ಹೇಳುವುದಿಲ್ಲ. ಆದರೆ ಗಿರಾಕಿ ಹೋಗುವುದು ಬಾವುಟ ನೋಡಿ ಅಲ್ಲ. ಎದುರಿಗಿನ ಅಂಗಡಿಯವರು ಕನ್ನಡ ಕಲಿತದ್ದು ಯಾವ ಕಾಯ್ದೆಗೂ ಹೆದರಿ ಅಲ್ಲ. ಗಿರಾಕಿ ಯಾವ ಭಾಷೆಯಲ್ಲಿ ಚೌಕಾಸಿ ಮಾಡುತ್ತಾನೋ ಆ ಭಾಷೆ ಬಾರದಿದ್ದರೆ ಗಲ್ಲಾ ತುಂಬುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಇದೇ ವಿದ್ಯೆ ಬ್ಯಾಂಕುಗಳಿಗೆ ಇನ್ನೂ ಬಂದಿಲ್ಲ. ಯಾಕೆಂದರೆ ಅಲ್ಲಿ ಕೌಂಟರಿನ ಹಿಂದೆ ಕೂತವರ ಸಂಬಳ ಗಿರಾಕಿಯ ಮೇಲೆ ನಿಂತಿಲ್ಲ. 2025ರ ಮೇ ತಿಂಗಳಲ್ಲಿ ಆನೇಕಲ್ ತಾಲ್ಲೂಕಿನ ಸೂರ್ಯನಗರದ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ ಮ್ಯಾನೇಜರ್ ಒಬ್ಬರು ಕನ್ನಡ ಮಾತಾಡುವುದಿಲ್ಲ ಎಂದು ಹಟ ಹಿಡಿದ ವಿಡಿಯೋವನ್ನು ನಾಡೆಲ್ಲ ನೋಡಿತು. ಮುಖ್ಯಮಂತ್ರಿಗಳೂ ಖಂಡಿಸಿದರು. ವರ್ಗಾವಣೆಯಾಯಿತು. ನಾವು ಗೆದ್ದೆವು ಎಂದು ಪಟಾಕಿ ಹೊಡೆದೆವು. ಒಬ್ಬರ ವರ್ಗಾವಣೆ ಗೆಲುವೇ? ಅವರನ್ನು ಕಳಿಸಿದ ಊರಿನಲ್ಲಿ ಗಿರಾಕಿಗಳಿಲ್ಲವೇ?

ಗೆಲುವು ಎಲ್ಲಿದೆ ಎಂದು ಹೇಳುತ್ತೇನೆ. ಖಾತೆ ತೆರೆಯುವ ಫಾರಂ, ಹಣ ಕಟ್ಟುವ ಚೀಟಿ, ಪಾಸ್‌ಬುಕ್ ಮುಂತಾಗಿ ಸಾಮಾನ್ಯ ಗಿರಾಕಿ ಬಳಸುವ ಮುದ್ರಿತ ಕಾಗದವೆಲ್ಲ ಹಿಂದಿ, ಇಂಗ್ಲಿಷ್ ಮತ್ತು ಆಯಾ ರಾಜ್ಯದ ಭಾಷೆ, ಹೀಗೆ ಮೂರರಲ್ಲಿ ಇರಬೇಕೆಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಹೇಳಿದೆ. ಚೆಕ್ಕಿನ ಮೇಲೆ ಕನ್ನಡದಲ್ಲಿ ಬರೆದು ಸಹಿ ಮಾಡಬಹುದು ಎಂದೂ ಹೇಳಿದೆ. ಈಗ ಎದೆ ಮುಟ್ಟಿ ಹೇಳಿ, ನಿಮ್ಮಲ್ಲಿ ಎಷ್ಟು ಜನ ಕನ್ನಡದಲ್ಲಿ ಚೆಕ್ ಬರೆದಿದ್ದೀರಿ? ಎಟಿಎಂ ಮುಂದೆ ನಿಂತು ಎಷ್ಟು ಸಲ ಕನ್ನಡದ ಗುಂಡಿ ಒತ್ತಿದ್ದೀರಿ? ಗ್ಯಾಸಿನ ಕಂಪನಿಗೆ, ಫೋನಿನ ಕಂಪನಿಗೆ ಕರೆ ಮಾಡಿದಾಗ 'ಕನ್ನಡಕ್ಕಾಗಿ ಇಷ್ಟು ಒತ್ತಿ' ಎಂದು ಹೇಳಿ ಮುಗಿಸುವ ಮೊದಲೇ ಇಂಗ್ಲಿಷಿಗೆ ಒತ್ತುವವರು ನಾವೇ ಅಲ್ಲವೇ? ಒತ್ತುವವರೇ ಇಲ್ಲ ಎಂದು ನಾಳೆ ಆ ಗುಂಡಿಯನ್ನೇ ತೆಗೆದರೆ ಯಾರ ಕಚೇರಿಗೆ ಮುತ್ತಿಗೆ ಹಾಕೋಣ?

ಬ್ಯಾಂಕಿನ ಮಾತು ಸಾಕು. ಅದಕ್ಕಿಂತ ದೊಡ್ಡ ಕೌಂಟರು ನಮ್ಮ ಜಿಲ್ಲೆಯಲ್ಲೇ ಇದೆ.

ಬ್ಯಾಡಗಿಗೆ ನೀವು ಸೋಮವಾರ ಇಲ್ಲವೇ ಗುರುವಾರ ಬರಬೇಕು. ಜನವರಿಯಿಂದ ಮಾರ್ಚ್‌ವರೆಗಿನ ಸುಗ್ಗಿಯಲ್ಲಿ ಬರಬೇಕು. ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಬಿಟ್ಟು ತಿರುಗಿದ ಸ್ವಲ್ಪ ಹೊತ್ತಿಗೇ ಮೂಗು ಹೇಳುತ್ತದೆ, ಮೆಣಸಿನಕಾಯಿ ಊರು ಬಂತು ಎಂದು. ಮಾರುಕಟ್ಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಕಣ್ಣು ಹಾಯುವಷ್ಟು ಕೆಂಪು. ಡಬ್ಬಿ, ಕಡ್ಡಿ. ಖಾರ ಕಡಿಮೆ, ಬಣ್ಣ ಹೆಚ್ಚು. ಅದರಿಂದ ತೆಗೆದ ಎಣ್ಣೆಬಣ್ಣ ತಿಂಡಿ ತಿನಿಸಿಗೂ ಹೋಗುತ್ತದೆ, ತುಟಿಗೆ ಹಚ್ಚುವ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಜಿಐ ಮಾನ್ಯತೆಯೂ ಸಿಕ್ಕಿತು. ಮಾಲು ಬರುವುದು ನಮ್ಮ ಜಿಲ್ಲೆಯಿಂದ ಮಾತ್ರ ಅಲ್ಲ. ಗದಗ, ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲಿನಿಂದಲೂ ರೈತರು ರಾತ್ರಿಯೆಲ್ಲ ಲಾರಿಯಲ್ಲಿ ಚೀಲದ ಮೇಲೆ ಕೂತು ಬರುತ್ತಾರೆ.

ಇಲ್ಲಿ ಗಿರಾಕಿ ಯಾರು? ಕೊಳ್ಳುವ ಖರೀದಿದಾರ ಎಂದು ನೀವು ಹೇಳಬಹುದು. ನಾನು ರೈತ ಎನ್ನುತ್ತೇನೆ. ಅವನು ಮಾಲು ತರದಿದ್ದರೆ ದಲಾಲಿ ಅಂಗಡಿಯೂ ಇಲ್ಲ, ಖರೀದಿದಾರನೂ ಇಲ್ಲ, ಹಮಾಲಿಯೂ ಇಲ್ಲ, ಚಹಾದ ಗಾಡಿಯೂ ಇಲ್ಲ, ಪಟ್ಟಿ ಪುಸ್ತಕ ಛಾಪಿಸುವ ನಾನೂ ಇಲ್ಲ. ಹಿಂದಿನ ದಲಾಲರಿಗೆ ಇದು ಗೊತ್ತಿತ್ತು. ರೈತ ಬಂದರೆ ಅಂಗಡಿಯಲ್ಲೇ ಚಾಪೆ, ರೊಟ್ಟಿ, ಚಹಾ. ಮಗಳ ಮದುವೆಗೆ ಮುಂಗಡ. ಈ ಮುಂಗಡದಲ್ಲೇ ಕೊಕ್ಕೆಯೂ ಇತ್ತು, ಅದನ್ನು ನಾನು ಮುಚ್ಚಿಡುವುದಿಲ್ಲ. ಸಾಲ ತಂದವನು ಬೇರೆ ಅಂಗಡಿಗೆ ಮಾಲು ಹಾಕುವಂತಿರಲಿಲ್ಲ. ಆದರೂ ಬೆಲೆ ಯಾಕೆ ಇಷ್ಟು ಎಂದು ಕೇಳಿದರೆ ಹೇಳುವ ಒಂದು ಬಾಯಿ ಇತ್ತು.

ಈಗ ಟೆಂಡರು ಕಂಪ್ಯೂಟರಿಗೆ ಬಂದಿದೆ. ರಾಜ್ಯ ಸರಕಾರ 2014ರಲ್ಲಿ ಏಕೀಕೃತ ಮಾರುಕಟ್ಟೆ ವ್ಯವಸ್ಥೆ ತಂದಿತು. ಎಲ್ಲಿಂದಲೋ ಖರೀದಿದಾರ ಬೆಲೆ ಹಾಕಬಹುದು. ಒಳ್ಳೆಯದೇ, ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಮಾಡುವ ಕಾಲಕ್ಕಿಂತ ಸಾವಿರ ಪಾಲು ಒಳ್ಳೆಯದು. ಆದರೆ ಕಂಪ್ಯೂಟರು ಅಂಕಿ ಹೇಳುತ್ತದೆ, ಕಾರಣ ಹೇಳುವುದಿಲ್ಲ.

2024ರ ಮಾರ್ಚ್ 11, ಸೋಮವಾರ. ಅವತ್ತು ಬೆಲೆ ಕುಸಿಯಿತು. ರೈತರು ರೊಚ್ಚಿಗೆದ್ದರು. ಎಪಿಎಂಸಿ ಕಚೇರಿಗೆ ಕಲ್ಲು ಬಿತ್ತು, ವಾಹನಗಳಿಗೆ ಬೆಂಕಿ ಬಿತ್ತು. ಬ್ಯಾಡಗಿಯ ಹೆಸರು ದೇಶದ ಟಿವಿಗಳಲ್ಲೆಲ್ಲ ಬಂತು, ಮೆಣಸಿನಕಾಯಿಗಲ್ಲ, ಹೊಗೆಗೆ. ಬೆಂಕಿ ಹಚ್ಚಿದ್ದನ್ನು ನಾನು ಸಮರ್ಥಿಸುವುದಿಲ್ಲ. ಸುಟ್ಟದ್ದು ಯಾರದೋ ದುಡಿಮೆ, ಜನರದೇ ದುಡ್ಡು. ಆದರೆ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಆ ದಿನ ಚೀಲಗಳ ಮುಂದೆ ನಿಂತ ಮನುಷ್ಯನಿಗೆ, ಬೆಂಕಿಗೆ ಮೊದಲು, ಯಾರಾದರೂ ಕೂಡ್ರಿಸಿ ಕಾರಣ ಹೇಳಿದರೇ?

ಕಾರಣಗಳು ಹೇಳಲಾಗದ ಗುಟ್ಟೇನಲ್ಲ. ಮಾಲು ಹಸಿ ಇದೆಯೋ, ಒಣಗಿದೆಯೋ. ತೊಟ್ಟು ಬಿಳುಪಾಗಿದೆಯೋ. ಬಣ್ಣ ಎಷ್ಟಿದೆ. ನಿಜವಾದ ಡಬ್ಬಿಯೋ, ಅಥವಾ 5531, 2043 ಎಂದು ನಂಬರಿನಿಂದಲೇ ಕರೆಯುವ ಕಂಪನಿ ತಳಿಯೋ. ಕೋಲ್ಡ್ ಸ್ಟೋರೇಜುಗಳಲ್ಲಿ ಹಳೆಯ ಮಾಲು ಎಷ್ಟು ಕೂತಿದೆ. ಇದನ್ನೆಲ್ಲ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಛಾಪಿಸಿ ಗೇಟಿನಲ್ಲೇ ಕೈಗೆ ಕೊಡಬಹುದು. ಸಾವಿರ ಹಾಳೆಗೆ ಎಷ್ಟಾಗುತ್ತದೆ ಎಂದು ನನಗೆ ಗೊತ್ತು. ಒಂದು ಜೀಪಿನ ಟಯರಿಗಿಂತ ಕಡಿಮೆ.

ಮತ್ತು ಆ ಹಾಳೆಯ ಹಿಂಬದಿಯಲ್ಲಿ ತೆಲುಗಿನಲ್ಲೂ ಇರಲಿ ಎನ್ನುತ್ತೇನೆ. ಹುಬ್ಬು ಗಂಟಿಕ್ಕಬೇಡಿ. ಕನ್ನಡಪರ ಪತ್ರಿಕೆಯಲ್ಲಿ ಇವನೇನು ತೆಲುಗಿನ ವಕಾಲತ್ತು ಎನ್ನಬೇಡಿ. ಕರ್ನೂಲಿನ ರೈತ ನಮ್ಮ ಊರಿಗೆ ಆಳಲು ಬಂದಿಲ್ಲ, ಮಾಲು ತಂದಿದ್ದಾನೆ, ಎರಡು ದಿನದಲ್ಲಿ ಹೋಗುತ್ತಾನೆ. ಅವನು ಗಿರಾಕಿ. ಇಲ್ಲಿ ಬ್ಯಾಂಕಿನ ಕುರ್ಚಿಯಲ್ಲಿ ಕೂತು ಸಂಬಳ ತಿನ್ನುವವನು ಕನ್ನಡ ಕಲಿಯಬೇಕು ಎನ್ನುವುದೂ, ನಮ್ಮ ಬಾಗಿಲಿಗೆ ಬಂದ ಗಿರಾಕಿಗೆ ಅವನ ಮಾತಿನಲ್ಲಿ ಲೆಕ್ಕ ಹೇಳುವುದೂ ಒಂದೇ ನ್ಯಾಯ. ಕೌಂಟರಿನ ಯಾವ ಬದಿಗೆ ಯಾರಿದ್ದಾರೆ ಎಂಬುದನ್ನು ನೋಡಿ ಮಾತಾಡಿ. ಬ್ಯಾಡಗಿಯ ಹಳೆಯ ಗುಮಾಸ್ತರು ತೆಲುಗನ್ನು ನೀರು ಕುಡಿದಂತೆ ಮಾತಾಡುತ್ತಾರೆ. ಅದರಿಂದ ಅವರ ಕನ್ನಡ ಒಂದು ಗುಂಜಿಯಷ್ಟೂ ಸವೆದಿಲ್ಲ.

ಪಟ್ಟಿಯ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮಾಲು ಮಾರಿದ ರೈತನಿಗೆ ತೂಕ, ಬೆಲೆ, ಕಳೆದದ್ದು, ಉಳಿದದ್ದು ಎಲ್ಲ ಬರೆದ ಪಕ್ಕಾ ಪಟ್ಟಿ ಸಿಗಬೇಕು. ರಾಜ್ಯದ ಹಲವು ಎಪಿಎಂಸಿಗಳಲ್ಲಿ 'ಬಿಳಿ ಚೀಟಿ' ದಂಧೆ ನಡೆಯುತ್ತದೆ ಎಂದು ರೈತ ಸಂಘಟನೆಗಳು ವರ್ಷಗಳಿಂದ ಕೂಗುತ್ತಿವೆ. ಬಿಳಿ ಚೀಟಿ ಎಂದರೆ ಅಂಗಡಿಯ ಹೆಸರಿಲ್ಲದ, ನಂಬರಿಲ್ಲದ ಖಾಲಿ ಕಾಗದದ ಮೇಲೆ ಪೆನ್ನಿನಲ್ಲಿ ಗೀಚಿದ ಲೆಕ್ಕ. ನಾಳೆ ಕೇಳಿದರೆ 'ಇದು ನಮ್ಮದಲ್ಲ' ಎನ್ನಬಹುದು. ಕಮಿಷನ್ನು ಕೊಡಬೇಕಾದವನು ಖರೀದಿದಾರ, ರೈತನಲ್ಲ, ಎಂದು ಕಾನೂನು ಹೇಳುತ್ತದೆ. ಬಿಳಿ ಚೀಟಿಯಲ್ಲಿ ಕಾನೂನಿಗೆ ಜಾಗವೇ ಇಲ್ಲ. ಛಾಪಿಸಿದ ಪಟ್ಟಿ ಬೇಕು ಎನ್ನುವುದರಲ್ಲಿ ನನ್ನ ಹೊಟ್ಟೆಪಾಡೂ ಇದೆ, ಒಪ್ಪುತ್ತೇನೆ. ಆದರೂ ಕೇಳಿ ಪಡೆಯಿರಿ.

ರಾಣೇಬೆನ್ನೂರಿನ ಕಥೆ ಇನ್ನೊಂದು. ಅದು ಬೀಜದ ಊರು. ಹತ್ತಿಯಿಂದ ಟೊಮೆಟೊವರೆಗೆ ಬೀಜದ ವ್ಯಾಪಾರ ಅಲ್ಲಿ ದೊಡ್ಡದು, ಪಕ್ಕದಲ್ಲೇ ಔಷಧದ ಅಂಗಡಿಗಳ ಸಾಲು. ಕೀಟನಾಶಕದ ಡಬ್ಬಿಯ ಜೊತೆ ಮಡಚಿ ಮಡಚಿ ಬೆಂಕಿಪೊಟ್ಟಣದಷ್ಟು ಮಾಡಿದ ಒಂದು ಕಾಗದ ಇರುತ್ತದೆ. ನೋಡಿದ್ದೀರಾ? ಎಷ್ಟು ಹಾಕಬೇಕು, ಯಾವಾಗ ಹಾಕಬಾರದು, ಮೈಮೇಲೆ ಬಿದ್ದರೆ ಏನು ಮಾಡಬೇಕು ಎಲ್ಲ ಅದರಲ್ಲಿದೆ. 1971ರ ಕೀಟನಾಶಕ ನಿಯಮಗಳಿಂದಾಗಿ ಹಿಂದಿ, ಇಂಗ್ಲಿಷ್ ಜೊತೆ ಪ್ರಾದೇಶಿಕ ಭಾಷೆಯೂ ಅಲ್ಲಿಗೆ ಬಂದಿದೆ. ಆದರೆ ಮುದ್ರಕನಾಗಿ ಹೇಳುತ್ತೇನೆ, ಆ ಅಕ್ಷರದ ಗಾತ್ರ ನೋಡಿದರೆ ಓದಿಸಬಾರದೆಂದೇ ಛಾಪಿಸಿದಂತಿದೆ. ನಲವತ್ತು ದಾಟಿದ ರೈತನಿಗೆ ಅದು ಇರುವೆ ಸಾಲು. ಡಬ್ಬಿಯ ಮೇಲಿನ ತ್ರಿಕೋನದ ಬಣ್ಣವಾದರೂ ಹೇಳಿಕೊಡಬೇಕಲ್ಲ? ಕೆಂಪು ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಇದನ್ನು ಹೇಳಲು ಅಂಗಡಿಯ ಹುಡುಗನಿಗೆ ಅರ್ಧ ನಿಮಿಷ ಸಾಕು. ಅಂಥ ಅಂಗಡಿಯವರು ರಾಣೇಬೆನ್ನೂರಿನಲ್ಲಿ ಇದ್ದಾರೆ. ಕನ್ನಡಕ ಏರಿಸಿ ಕಾಗದ ಬಿಡಿಸಿ ಗಟ್ಟಿಯಾಗಿ ಓದಿ ಹೇಳುತ್ತಾರೆ. ಅವರ ಅಂಗಡಿಯ ಮುಂದೆ ಎತ್ತಿನ ಗಾಡಿಯ ಕಾಲದಿಂದ ಟ್ರ್ಯಾಕ್ಟರಿನ ಕಾಲದವರೆಗೆ ಅದೇ ಮನೆತನಗಳು ನಿಲ್ಲುತ್ತಿವೆ.

ಇನ್ನು ಬಿಸ್ಕತ್ತು, ಎಣ್ಣೆ, ಹಿಟ್ಟಿನ ಪೊಟ್ಟಣ ತೆಗೆದು ನೋಡಿ. ಅದರ ಮೇಲಿನ ವಿವರ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇದ್ದರೆ ಸಾಕು ಎನ್ನುತ್ತದೆ ಕೇಂದ್ರದ ನಿಯಮ. ಬೇರೆ ಭಾಷೆ ಬೇಕಾದರೆ ಸೇರಿಸಿಕೊಳ್ಳಬಹುದಂತೆ, ಕಡ್ಡಾಯವಲ್ಲ. ವಿಷಕ್ಕೆ ಪ್ರಾದೇಶಿಕ ಭಾಷೆ ಬೇಕು, ಅನ್ನಕ್ಕೆ ಬೇಡ! ಹೋರಾಟ ಮಾಡುವ ಕಸುವಿದ್ದರೆ ಇಲ್ಲಿ ಮಾಡಿ. ಬೋರ್ಡಿಗೆ ಮಸಿ ಬಳಿದಷ್ಟು ಸುಲಭವಲ್ಲ, ಟಿವಿಯವರು ಬರುವುದಿಲ್ಲ, ಅಷ್ಟೇ.

ಗಿರಾಕಿಯನ್ನು ಕಡೆಗಣಿಸಿದರೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಹಾವೇರಿ ಒಮ್ಮೆ ಕಣ್ಣಾರೆ ಕಂಡಿದೆ. 2008ರ ಜೂನ್ 10. ಬಿತ್ತನೆಯ ಹೊತ್ತು. ಗೊಬ್ಬರ ಇಲ್ಲ. ರೈತರು ಪುಕ್ಕಟೆ ಕೇಳಲು ಬಂದಿರಲಿಲ್ಲ, ಕಿಸೆಯಲ್ಲಿ ದುಡ್ಡು ಇಟ್ಟುಕೊಂಡು ಬಂದಿದ್ದರು. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂಬ ಉತ್ತರ ಕೇಳಿ ಕೇಳಿ ಬೀದಿಗಿಳಿದರು. ಪೊಲೀಸರು ಗುಂಡು ಹಾರಿಸಿದರು. ಇಬ್ಬರು ರೈತರು ಸತ್ತರು. ಆಗ ನನಗೆ ಇನ್ನೂ ಬಿಸಿರಕ್ತ. ಖಂಡನೆಯ ಕರಪತ್ರ ರಾತ್ರಿಯಿಡೀ ಛಾಪಿಸಿದೆವು. ಇವತ್ತು ಆ ದಿನವನ್ನು ನೆನೆದರೆ ನನಗೆ ಮೊದಲು ಕಿವಿಗೆ ಬರುವುದು ಗುಂಡಿನ ಸದ್ದಲ್ಲ, 'ನಾಳೆ ಬಾ' ಎಂಬ ಮಾತು. ನಾವೂ ನಮ್ಮ ಅಂಗಡಿಗಳಲ್ಲಿ ದಿನಕ್ಕೆ ಎಷ್ಟು ಸಲ ಆ ಮಾತು ಆಡುತ್ತೇವೆ!

ಪ್ರೆಸ್ಸಿನವರಂತೂ ಅದರಲ್ಲಿ ಪಂಡಿತರು. 'ನಾಳೆ ಬರ್ರಿ, ಪ್ರೂಫ್ ರೆಡಿ ಇರ್ತದ.' ನಾಳೆ ಹೋದರೆ ಕರೆಂಟ್ ಇರಲಿಲ್ಲ, ಹುಡುಗ ಬಂದಿಲ್ಲ, ಪ್ಲೇಟ್ ಹುಬ್ಬಳ್ಳಿಯಿಂದ ಬಂದಿಲ್ಲ. ನಾನೂ ಹೇಳಿದ್ದೇನೆ. ನನ್ನ ಒಂದು ತಪ್ಪು ಇಲ್ಲಿ ಬರೆಯದಿದ್ದರೆ ಈ ಬೈಗುಳ ಪೂರ್ತಿಯಾಗುವುದಿಲ್ಲ.

ಕೆಲವು ವರ್ಷದ ಹಿಂದೆ ಬ್ಯಾಡಗಿ ತಾಲ್ಲೂಕಿನ ಒಂದು ಹಳ್ಳಿಯ ಯಜಮಾನರು ಮಗಳ ಲಗ್ನಪತ್ರಿಕೆ ಹಾಕಿಸಿದರು. ತಾರೀಖು ಸರಿಯಿತ್ತು, ವಾರ ತಪ್ಪಿತ್ತು. ಬುಧವಾರದ ಲಗ್ನಕ್ಕೆ ಗುರುವಾರ ಎಂದು ಬಿದ್ದಿತ್ತು. ಐನೂರು ಪತ್ರಿಕೆ ಹಂಚಿದ ಮೇಲೆ ಗೊತ್ತಾಯಿತು. ಅವರು ಬಂದು ನಿಂತಾಗ ನಾನು ಮಾಡಿದ ಮೊದಲ ಕೆಲಸ ಯಾವುದು ಗೊತ್ತೇ? ಫೈಲಿನಿಂದ ಪ್ರೂಫ್ ತೆಗೆದು ಅವರ ಸಹಿ ತೋರಿಸಿದೆ. 'ನೀವ ನೋಡಿ ಸಹಿ ಮಾಡೀರಿ ನೋಡ್ರಿ ಯಜಮಾನ್ರ.' ಅವರು ಒಂದು ಮಾತೂ ಆಡಲಿಲ್ಲ. ಆ ಸಹಿಯನ್ನು ನಾನು ಅವತ್ತು ಸರಿಯಾಗಿ ನೋಡಿದೆ. ಮೂರು ಅಕ್ಷರ ಬರೆಯಲು ಕಲಿತವರ ಸಹಿ ಅದು, ಒಂದೊಂದು ಅಕ್ಷರ ಒಂದೊಂದು ಕಡೆ ವಾಲಿತ್ತು. ಅವರು ಓದಿರಲಿಲ್ಲ. ಓದಲು ಬರುವುದಿಲ್ಲ ಎಂದು ಹೇಳಲು ನಾಚಿ ಸಹಿ ಮಾಡಿದ್ದರು. ಲಗ್ನಕ್ಕೆ ಅರ್ಧ ಬೀಗರು ಒಂದು ದಿನ ತಡವಾಗಿ ಬಂದರಂತೆ. ಆ ಹಳ್ಳಿಯಿಂದ ಮತ್ತೆ ನನಗೆ ಒಂದೂ ಲಗ್ನಪತ್ರಿಕೆ ಬರಲಿಲ್ಲ. ಜಗಳವಾಡಲೂ ಯಾರೂ ಬರಲಿಲ್ಲ, ಸುಮ್ಮನೆ ಬರುವುದನ್ನು ಬಿಟ್ಟರು.

ಅಲ್ಲಿಂದ ಪ್ರೂಫನ್ನು ಗಿರಾಕಿಯ ಮುಂದೆ ನಾವೇ ಗಟ್ಟಿಯಾಗಿ ಓದುತ್ತೇವೆ. ದೇವರ ಹೆಸರಿನಿಂದ ಹಿಡಿದು ಸ್ಥಳದವರೆಗೆ. ಪಂಚಾಂಗ ತೆಗೆದು ತಾರೀಖು, ವಾರ ತಾಳೆ ಹಾಕುತ್ತೇವೆ. ಎಂ.ಎ. ಓದಿದವರು ನಗುತ್ತಾರೆ, ನಗಲಿ. ಓದುವಾಗ ಮಧ್ಯದಲ್ಲೇ 'ಸೋದರಮಾವನ ಹೆಸರು ಬಿಟ್ಟೈತಲ್ರಿ' ಎಂದು ಎಷ್ಟೋ ಸಲ ಅವರೇ ಹೇಳುತ್ತಾರೆ.

ಇದು ನನ್ನ ತಲೆಯಿಂದ ಬಂದ ಹೊಸ ವಿದ್ಯೆಯೇನೂ ಅಲ್ಲ. ಇದೇ ಹಾವೇರಿಯ ನೆಲದಲ್ಲಿ ವರದಾ, ತುಂಗಭದ್ರೆ ಕೂಡುವ ಗಳಗನಾಥದಲ್ಲಿ 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು, ಅಂದರೆ ನಮ್ಮ ಗಳಗನಾಥರು, ಅಗಡಿಯ 'ಸದ್ಬೋಧ ಚಂದ್ರಿಕೆ' ನಡೆಸಿದವರು, ಕಾದಂಬರಿಗಳನ್ನು ಬರೆದದ್ದಷ್ಟೇ ಅಲ್ಲ, ಪುಸ್ತಕದ ಹೊರೆ ತಾವೇ ಹೊತ್ತು ಊರೂರು ತಿರುಗಿ ಮನೆ ಬಾಗಿಲಲ್ಲಿ ಮಾರಿದರು. ಅಲ್ಲಿನವರೆಗೆ ಮರಾಠಿ ಪುಸ್ತಕ ಹಿಡಿದಿದ್ದ ಸೀಮೆಯ ಕೈಗೆ ಕನ್ನಡ ಪುಸ್ತಕ ಬಂದದ್ದು ಹೀಗೆ. ಜನ ಕನ್ನಡ ಓದುವುದಿಲ್ಲ ಎಂದು ಅವರು ಕೂತು ಗೋಳಾಡಲಿಲ್ಲ. ಗಿರಾಕಿ ಎಲ್ಲಿದ್ದಾನೋ ಅಲ್ಲಿಗೆ ಹೋದರು. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ಆದಾಗ ಅವರ ಹೆಸರು ಕೇಳಿ ಚಪ್ಪಾಳೆ ಹೊಡೆದೆವು. ಹೊರೆ ಹೊತ್ತ ಹೆಗಲನ್ನು ನೆನೆದವರು ಕಡಿಮೆ.

ಈಗ ನಿಮ್ಮ ಮಾತು. ಬೆಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ ಕೆಲಸ ಮಾಡುವ ನೀವು ರಾತ್ರಿಪಾಳಿಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅಮೆರಿಕದವನು ಬೈದರೂ 'ಸಾರಿ ಸರ್, ನಿಮಗೆ ಹೇಗೆ ಸಹಾಯ ಮಾಡಲಿ' ಎನ್ನುತ್ತೀರಿ. ಅದು ನಿಮ್ಮ ಕಸುಬು, ನಾನು ಹೀಯಾಳಿಸುವುದಿಲ್ಲ. ಆದರೆ ಹಬ್ಬಕ್ಕೆ ಊರಿಗೆ ಬಂದು ಅಪ್ಪನ ಅಂಗಡಿಯಲ್ಲಿ ಕೂತಾಗ ಅದೇ ತಾಳ್ಮೆ ಕನ್ನಡದಲ್ಲಿ ಯಾಕೆ ಬರುವುದಿಲ್ಲ? ಇಂಗ್ಲಿಷಿಗೆ ಮಾತ್ರ ಮರ್ಯಾದೆ ಕಲಿತು, ಕನ್ನಡಕ್ಕೆ 'ಏ, ಏನ್ ಬೇಕು' ಉಳಿಸಿಕೊಂಡರೆ ಹೇಗೆ? ನಾಳೆ ನೀವೇ ಒಂದು ಅಂಗಡಿ, ಒಂದು ಆ್ಯಪು, ಒಂದು ಹೋಟೆಲು ತೆಗೆಯುವವರು. ದೂರು ಬಂದಾಗ ಉತ್ತರಿಸುವ ಮೊದಲ ಸಾಲನ್ನು ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ.

ಅನ್ಯಾಯವಾದಾಗ ಹೋಗುವ ದಾರಿಯೂ ಗೊತ್ತಿರಲಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲಿ ಮಾತಾಡಿ. ಹಾವೇರಿಯಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ. 5 ಲಕ್ಷ ರೂಪಾಯಿವರೆಗೆ ಕೊಟ್ಟು ಕೊಂಡ ಮಾಲಿನ ದೂರಿಗೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದಿಲ್ಲ. ಬಿಲ್ಲು ಮಾತ್ರ ಕಳೆಯಬೇಡಿ. ಅಜ್ಜಿ ಸೆರಗಿನಲ್ಲಿ ಗಂಟು ಹಾಕಿ ಇಟ್ಟುಕೊಂಡಿದ್ದಳು, ನೀವು ಕಾಯಿಪಲ್ಲೆಯ ಚೀಲದಲ್ಲಿ ಎಸೆಯುತ್ತೀರಿ.

ಹೋದ ದೀಪಾವಳಿಗೆ ನಮ್ಮ ಪ್ರೆಸ್ಸಿನ ಕಂಪ್ಯೂಟರಿನಿಂದ ಆ ಹಳೆಯ ಸಾಲನ್ನು ಅಳಿಸಿದೆ. ಅದರ ಜಾಗದಲ್ಲಿ ಹೀಗೆ ಕೂಡ್ರಿಸಿದ್ದೇನೆ. 'ಮಾಲಿನಲ್ಲಿ ದೋಷ ಕಂಡರೆ 30 ದಿನದೊಳಗೆ ಈ ಬಿಲ್ಲಿನೊಂದಿಗೆ ಬನ್ನಿ.' ಬಿಲ್ ಬುಕ್ ಹಾಕಿಸಲು ಬಂದವರಿಗೆಲ್ಲ ಓದಿ ಹೇಳುತ್ತೇನೆ. ಕೆಲವರು 'ಚಲೋ ಆತು ಬಿಡ್ರಿ' ಎಂದರು. ಕೆಲವರು ಕೆಳಗಿನ ಸಾಲೇ ಬೇಡ, ಖಾಲಿ ಬಿಡಿ ಎಂದರು. ಒಬ್ಬರು, ನಮ್ಮ ಸಂಘಟನೆಯ ಸಭೆಗಳಲ್ಲಿ ಮೊದಲ ಸಾಲಿನಲ್ಲಿ ಕೂರುವವರು, ಹಳೆಯದನ್ನೇ ಹಾಕು ಎಂದು ಹಟ ಹಿಡಿದರು. ಆಗುವುದಿಲ್ಲ ಎಂದೆ. ಹುಬ್ಬಳ್ಳಿಗೆ ಹೋಗಿ ಹಾಕಿಸಿಕೊಂಡು ಬಂದರು. ಪಂಪಿನ ಅಂಗಡಿಯವರು ಮಾತ್ರ ಹೊಸದನ್ನು ಒಪ್ಪಿ ಹತ್ತು ಪುಸ್ತಕ ಒಯ್ದಿದ್ದಾರೆ. ಒಂದು ಡಬ್ಬಿ ವಾಷರ್ ಕೂಡ ತರಿಸಿ ಗಲ್ಲಾದ ಪಕ್ಕದಲ್ಲೇ ಇಟ್ಟುಕೊಂಡಿದ್ದಾರಂತೆ.